ಡಾಕ್ಟರಮ್ಮ ಬಿಟ್ಟುಕೊಟ್ಟ ಕುರ್ಚಿ

"ನಾ ಏನ್ ಹುಚ್ಚ ಇದ್ದೀನೇನಕ್ಕಾ?" ಎಂದು ನನ್ನ ತಮ್ಮ ಶಿವರಾಜ ಜಹೀರಾಬಾದಿನ ದವಾಖಾನೆಯಲ್ಲಿ ಕೂರದೆ ನಿಂತೇ ಇದ್ದ. ಫೌಜಿನಿಂದ, ಸೈನ್ಯದ ನೌಕರಿಯಿಂದ, ನಿವೃತ್ತನಾಗಿ ಬಂದಾಗಿನಿಂದ ಅವನಿಗೆ ನಿದ್ದೆಯಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಢಬ್ಬೆಂದರೆ ನೆಲಕ್ಕೆ ಬೀಳುತ್ತಾನೆ. ಅಲ್ಲಿ ರೋಗಿಯ ಸ್ಟೂಲಿನಲ್ಲಿ ಕೂತರೆ ಬಾಗಿಲು ಬೆನ್ನಿಗೆ ಬರುತ್ತಿತ್ತು. ಅವನು ಹಿಂದೆ ಹಿಂದೆ ನೋಡುತ್ತಲೇ ಇದ್ದ.

ಮನಸ್ಸಿನ ರೋಗ ನೋಡುವ ಡಾಕ್ಟರಮ್ಮ ಅದನ್ನು ಗಮನಿಸಿ ಎದ್ದಳು. "ಫೌಜಿ ಸಾಬ್, ನನ್ನ ಕುರ್ಚಿಗಿ ಬರ್ರಿ. ಹಿಂದ ಗ್ವಾಡಿ ಅದ, ಮುಂದ ಬಾಗಲಾ ಕಾಣ್ತದ," ಎಂದು ಗೋಡೆಗೆ ಒರಗಿದ್ದ ತನ್ನ ಕುರ್ಚಿ ತೋರಿಸಿ, ತಾನು ಸ್ಟೂಲಿನ ಮೇಲೆ ಕೂತಳು. ಅವನು ಕೂತ. ತನ್ನೆದುರೇ ಸತ್ತ ಗೆಳೆಯನ ಹೆಸರು ಮೊದಲ ಸಲ ಹೇಳಿದ.

ಅಷ್ಟರಲ್ಲಿ ಒಬ್ಬ ಮುದುಕ ಒಳಗೆ ನುಗ್ಗಿ, ಡಾಕ್ಟರ ಕುರ್ಚಿಯಲ್ಲಿದ್ದ ತಮ್ಮನ ಮುಂದೆ ಧೋತರ ಎತ್ತಿ, "ಡಾಕ್ಟ್ರ ಸಾಬ್, ಈ ಮೊಣಕಾಲ ನೋಡ್ರಿ," ಎಂದ.

"ನಾ ಡಾಕ್ಟರ್ ಅಲ್ಲ ಕಾಕಾ," ಎಂದು ನಕ್ಕ ತಮ್ಮ. "ನಾನೂ ಪೇಶಂಟೇ ಇದ್ದೀನಿ."

ಮೂಡಣಕ್ಕೆ ಮುಖಮಾಡಿ ಉಣ್ಣುವುದು ನಮ್ಮ ಮನೆಯ ಪದ್ಧತಿ. ಈಗ ಅವನ ತಾಟನ್ನು ಮಾತ್ರ ಪಡುವಣದ ಬಾಗಿಲಿಗೆ ಎದುರಾಗಿ ಇಡುತ್ತೇನೆ. ಉಂಡು, ಡಾಕ್ಟರಮ್ಮ ಕೊಟ್ಟ ಮಾತ್ರೆಯನ್ನು ತಾನೇ ತೆಗೆದುಕೊಳ್ಳುತ್ತಾನೆ. ಮೂಡಣ ಎಲ್ಲಿಗೂ ಓಡಿಹೋಗುವುದಿಲ್ಲ.