ನೆಲೋಗಿಯ ಬೇಲಿ ಕಾಯುವ ಗುರುಬಾಯಿ

“ಗುರುಬಾಯಿ, ನಿನ್ನ ಬೇಲಿ ಸಮ್ಮೇಳನಕ್ಕ ಹೊಂಟದ ಬೇ! ಒಂದ ದಿನದಾಗ ಅದರಾಗ ಇರಿವಿ ಅಂದ್ರ ಇರಿವಿ, ಹಕ್ಕಿ ಅಂದ್ರ ಹಕ್ಕಿ! ಸಾಹೇಬ್ರು ನಾಷ್ಟಾ ಬಿಟ್ಟು ಕುಣ್ಯಾಕತ್ತಾರ!”

ಶಿಬಿರದ ಅಡುಗೆಯ ಖಂಡಪ್ಪ ಚಹಾದ ಕಿಟ್ಲಿ ಹಿಡಿದುಕೊಂಡೇ ಓಡಿ ಬಂದಿದ್ದಾನೆ. ಸೂರ್ಯ ಇನ್ನೂ ಜೋಳದ ತೆನೆಯ ಮಟ್ಟಕ್ಕೆ ಏರಿಲ್ಲ. ನೆಲೋಗಿಯ ಚಾವಡಿ ಕಟ್ಟೆಯ ಮೇಲೆ ಗುರುಬಾಯಿ, ಹಳೆಯ ಉರ್ದು ಪತ್ರಿಕೆಗಳ ನಡುವೆ ಮಾದರಿಗೆಂದು ಒತ್ತಿಟ್ಟ ಹುಲ್ಲುಕಡ್ಡಿಗಳನ್ನು ಒಂದೊಂದಾಗಿ ಎತ್ತಿ, ಒದ್ದೆ ಹಾಳೆ ತೆಗೆದು ಒಣ ಹಾಳೆ ಇಡುತ್ತಿದ್ದಾಳೆ.

“ಬೇಲಿ ಹ್ಯಾಂಗ ಹೋಗ್ತದೋ ಖಂಡಪ್ಪ? ಜಾಲಿ ಮುಳ್ಳ ಅದು. ಬಂಡ್ಯಾಗ ಹೇರಿದ್ರ ಎತ್ತು ಚೀರ್ತಾವ.”

“ಬೇಲಿ ಅಲ್ಲ ಬೇ, ಬೇಲಿ ಸುದ್ದಿ! ನಮ್ಮ ವ್ಯಂಕಟೇಶಪ್ಪ ಗುಲ್ಬರ್ಗಾದಾಗ ದೊಡ್ಡ ದೊಡ್ಡ ಮಂದಿ ಮುಂದ ನಿಂತು ಹೇಳ್ತಾನಂತ. ಇನ್ನ ಬೇಲಿ ಖಾಯಂ, ನಿನ್ನ ನೌಕರೀನೂ ಖಾಯಂ!”

ಖಾಯಂ ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳ ಕೈ ನಿಲ್ಲುತ್ತದೆ. ಇಷ್ಟು ದಿನ ಅವಳು ಕಾದಿರುವುದು ಇದಕ್ಕೇ. ಆದರೆ ಖುಷಿಯ ಹಿಂದೆಯೇ ಒಂದು ಅನುಮಾನ. ಒಂದೇ ದಿನದಲ್ಲಿ ಅಷ್ಟು ಇರುವೆ ಎಲ್ಲಿಂದ ಬಂದವು?

ಇದು ಸಾವಿರದ ಒಂಬೈನೂರ ನಲವತ್ತೆಂಟರ ಜನವರಿ, ಎಳ್ಳಮಾವಾಸ್ಯೆಯ ಮರುದಿನ. ಗುಲ್ಬರ್ಗಾದಲ್ಲಿ ಇನ್ನೊಂದು ವಾರಕ್ಕೆ ವಿಜ್ಞಾನಿಗಳ ಸಮ್ಮೇಳನ. ಗಿಡ, ಹುಳ, ಹಕ್ಕಿ, ಮಣ್ಣು ಒಂದನ್ನೊಂದು ನೆಚ್ಚಿಕೊಂಡು ಹೇಗೆ ಬದುಕುತ್ತವೆ ಎಂದು ಕಲಿಯುತ್ತಿರುವ ಹೊಸ ಪರಿಸರ ವಿಜ್ಞಾನಿಗಳಿಗೆ ಅದಕ್ಕೂ ಮೊದಲು ಇಲ್ಲಿ ತಾಲೀಮು. ಕಲಿಸುವವರು ಕಾಲೇಜಿನ ಗೌಸಮೊಹಿದ್ದೀನ ಸಾಹೇಬರು. ಊರಾಚೆಯ ಪಾಳು ಮಾಳದ ಒಂದು ತುಂಡಿಗೆ ಮಳೆಗಾಲದಲ್ಲೇ ಮುಳ್ಳಿನ ಬೇಲಿ ಹಾಕಿಸಿದ್ದಾರೆ. ಅಲ್ಲಿ ದನ ಕುರಿ ಹೋಗುವಂತಿಲ್ಲ. ಪಕ್ಕದ ತುಂಡನ್ನು ಮೇಯಲು ಬಿಟ್ಟಿದ್ದಾರೆ. ಎರಡರಲ್ಲೂ ಏನೇನು ಬದುಕಿದೆ ಎಂದು ಎಣಿಸಿ ಹೋಲಿಸುವುದೇ ಪಾಠ.

ಆ ಬೇಲಿ ಕಾಯುವವಳು ಗುರುಬಾಯಿ. ನಸುಕಿನಲ್ಲೇ ಒಂದು ಸುತ್ತು ಹಾಕಿ ಆಡು ನುಗ್ಗಿದ ಸಂದಿಗೆ ಮುಳ್ಳು ತುರುಕುತ್ತಾಳೆ. ಬಿದಿರಿನ ಚೌಕಟ್ಟನ್ನು ಹುಲ್ಲಿನ ಮೇಲೆ ಅಲುಗದಂತೆ ಇಳಿಸುತ್ತಾಳೆ. ಹುಡುಗರು ಅದರೊಳಗಿನದನ್ನು ಮಾತ್ರ ಎಣಿಸಬೇಕು. ಬೂಟು ಹಾಕಿಕೊಂಡು ಒಳಗೆ ಹೋಗಬಾರದೆಂಬುದು ಸಾಹೇಬರ ಹುಕುಂ, ಅದನ್ನು ನಡೆಸುವುದು ಗುರುಬಾಯಿಯ ಹಕ್ಕು. “ಸೂಟು ಹಾಕ್ಕೊಂಡು ಬಂದವ್ರನೂ ಬಿಟ್ಟಿಲ್ರಿ. ಬಾಗಲದಾಗ ನಿಂತು ಬೂಟು ಬಿಚ್ಚಸ್ತೇನಿ,” ಎಂದು ನಗುತ್ತಾಳೆ.

ಗಂಡ ಸೊಲ್ಲಾಪುರದ ಗಿರಣಿಯಲ್ಲಿ. ಮೊದಲು ಅದು ಪಕ್ಕದ ಊರು, ಸ್ವಾತಂತ್ರ್ಯ ಬಂದ ಮೇಲೆ ಗಡಿಯಾಚೆಯ ಬೇರೆ ದೇಶ ಎನ್ನುತ್ತಾರೆ. ದಾರಿಯಲ್ಲಿ ಗಲಾಟೆ, ಬರುವವರಿಲ್ಲ, ಹೇಳಿಕಳಿಸುವವರಿಲ್ಲ. “ಅಂವ ಬ್ಯಾರೆ ದೇಶಕ್ಕ ಹೋದನೋ, ದೇಶಾನೇ ಅವನ್ನ ಎತ್ಕೊಂಡು ಹೋಯ್ತೋ ನನಗ ತಿಳೀವಲ್ದು,” ಎನ್ನುತ್ತಾಳೆ. ಕಂಡವರ ಹೊಲದಲ್ಲಿ ಕಳೆ ತೆಗೆಯುತ್ತಿದ್ದವಳಿಗೆ ಈ ಕೆಲಸ ಆಸರೆಯಾಗಿದೆ. ಬಾವಿಯ ಹತ್ತಿರ ಮಾತ್ರ ನೆರೆಮನೆಯ ಸುಭದ್ರಾಬಾಯಿ ಬಿಡುವುದಿಲ್ಲ: “ಹುಲ್ಲು ಎಣಸಾಕ ಪಗಾರ ಏನ ಬೇ? ನಮ್ಮ ಮನ್ಯಾಗ ನೊಣ ಭಾಳ ಅವ, ಬಂದು ಎಣಿಸಿ ಹೋಗು!”

ತಾಲೀಮು ಮುಗಿದರೆ ಬೇಲಿ ಕಿತ್ತುಬಿಡುತ್ತಾರೆ. ಸಮ್ಮೇಳನದಲ್ಲಿ ಹೇಳುವಂಥದ್ದು ಏನಾದರೂ ಸಿಕ್ಕರೆ ಉಳಿಸುತ್ತಾರೆ, ಮುಂದೆ ಬರುವ ಹುಡುಗರಿಗೆ ಚೌಕಟ್ಟು ಇಡುವುದನ್ನು ಅವಳೇ ಕಲಿಸಬೇಕು. ಸಾಹೇಬರು ಕೊಟ್ಟ ಮಾತು ಅದು.

ಗುರುಬಾಯಿ ಮಾಳಕ್ಕೆ ಬಂದಾಗ ಅಲ್ಲಿ ಜಾತ್ರೆಯಂಥ ಗದ್ದಲ. ಬೇಲಿಯೊಳಗೆ ಗೊರವಂಕಗಳು ಹಾರಿ ಹಾರಿ ಇಳಿಯುತ್ತಿವೆ. ಹುಲ್ಲಿನ ಬುಡದಲ್ಲಿ ಕರಿ ಇರುವೆಗಳ ಸಾಲು ಹಗ್ಗ ಎಳೆದಂತೆ ಹೊರಟಿದೆ. ಮೇಯಲು ಬಿಟ್ಟ ಬಯಲು ತುಂಡಿನಲ್ಲಿ ಒಂದು ಗುಬ್ಬಿಯೂ ಇಲ್ಲ.

“ಶನಿವಾರ ಹೀಂಗ ಇರ್ಲಿಲ್ರಿ ಸರ್,” ತಾಲೀಮಿಗೆ ಬಂದ ಹುಡುಗರಲ್ಲೊಬ್ಬನಾದ ವ್ಯಂಕಟೇಶ ತಲೆ ಕೆರೆದುಕೊಳ್ಳುತ್ತಾನೆ. “ಒಂದ ದಿನ ಸೂಟಿ ಕೊಟ್ರ ಇಷ್ಟ್ಯಾಕ ಬಂದ್ವು?”

“ಬೇಲೀದ ಕಮಾಲ್ ಅದ ಇದು! ಮೇಯೋದು ನಿಂತ್ರ ಜೀವ ವಾಪಸ್ ಬರ್ತದ ಅಂತ ಹೇಳಿರ್ಲಿಲ್ಲ?” ಸಾಹೇಬರ ಟೋಪಿ ಹಿಂದಕ್ಕೆ ಸರಿದಿದೆ. “ಗುರುಬಾಯಿ, ಮುಬಾರಕ್! ನಿನ್ನ ನೌಕರಿ ಮಾತೂ ನಾಳೆ ನಾನು ಗುಲ್ಬರ್ಗಾಕ್ಕ ಹೇಳಿ ಕಳಿಸ್ತೇನಿ.”

ಗುರುಬಾಯಿ ಇರುವೆಯ ಸಾಲನ್ನೇ ನೋಡುತ್ತಾಳೆ. ಒಂದು ಇರುವೆ ಹೊತ್ತು ನಡೆದದ್ದು ಸಜ್ಜೆ ಕಡುಬಿನ ಚೂರು. ಮಣ್ಣಿನ ಬಣ್ಣಕ್ಕೆ ತಿರುಗಿದೆ, ಆದರೂ ತನ್ನ ಕೈಯಾರೆ ಮಾಡಿದ ಕಡುಬು ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಸುಮ್ಮನಿದ್ದರೆ ಕೆಲಸ ಖಾಯಂ. ಎಲ್ಲರೂ ನಗುತ್ತಿದ್ದಾರೆ, ಯಾರಿಗೂ ಏನೂ ಕೆಟ್ಟದ್ದಾಗಿಲ್ಲ. ತಾನು ಮಾಡಿದ್ದು ತಪ್ಪೋ ಪುಣ್ಯವೋ ಅದೂ ತಿಳಿಯದು. ಆದರೆ ಈ ಹುಡುಗ ಅಷ್ಟು ಜನರ ಮುಂದೆ ನಿಂತು ಬೇಲಿಯ ಮಹಿಮೆ ಎಂದು ಹೇಳುವುದು ತನ್ನ ಕಡುಬಿನ ಮಹಿಮೆಯನ್ನಲ್ಲವೇ?

“ಸಾಹೇಬ್ರ, ನಿನ್ನಿ ನಾ ಇಲ್ಲಿ ಚರಗ ಚೆಲ್ಲೇನಿ.”

“ಏನು?”

“ಎಳ್ಳಮಾಸಿ ಅಲ್ರಿ? ಎಲ್ಲಾರೂ ಅವರವರ ಹೊಲಕ್ಕ ಹೋಗಿ ಭೂಮಿತಾಯಿಗೆ ಉಣಸ್ತಾರ. ಕಡುಬು, ಭಜ್ಜಿ, ಜ್ವಾಳದ ಬಾನ, ಎಲ್ಲಾ ಚೆಲ್ಲೇನ್ರಿ. ಮೂಲಿ ಮೂಲಿಗೂ.”

ವ್ಯಂಕಟೇಶ ಹಣೆ ಬಡಿದುಕೊಳ್ಳುತ್ತಾನೆ. “ಗುರುಬಾಯಿ! ಚರಗ ಬೆಳಿ ಹೊಲಕ್ಕ ಚೆಲ್ತಾರ. ಪಾಳು ಭೂಮಿಗೆ ಯಾರ ಚೆಲ್ತಾರ?”

“ಬೇಲಿ ಹಾಕೀರಿ, ಕಾಯಾಕ ಆಳ ಇಟ್ಟೀರಿ, ದಿನಾ ಬಂದು ನೋಡ್ತೀರಿ. ಹೊಲ ಅಲ್ದ ಇನ್ನೇನ್ರಿ ಇದು? ಸುತ್ತ ಎಲ್ಲಾ ಹೊಲ ಉಂಡಾವ, ಇದೊಂದು ಉಪಾಸ ಕುಂದ್ರಬೇಕೇನು?”

“ಮತ್ತ ಆ ಬಯಲ ತುಂಡಿಗೆ?” ಸಾಹೇಬರು ಕೇಳುತ್ತಾರೆ.

“ಅದಕ್ಕ ಬೇಲಿ ಎಲ್ಲದರಿ?”

ಖಂಡಪ್ಪ ಬಾಯಿಗೆ ಟವೆಲು ಅಡ್ಡ ಹಿಡಿದು ನಗುತ್ತಾನೆ. ಉಳಿದವರಿಗೆ ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ. ಸಾಹೇಬರು ಬೇಲಿಯ ಒಳಗೊಮ್ಮೆ, ಹೊರಗೊಮ್ಮೆ ನೋಡಿ ಟೋಪಿ ತೆಗೆದು ಕಲ್ಲಿನ ಮೇಲೆ ಕೂರುತ್ತಾರೆ.

“ಈ ಎಣಿಕಿ ನಡಿಯೂದಿಲ್ಲ,” ಎನ್ನುತ್ತಾರೆ ಕೊನೆಗೆ.

“ನಾ ಅಲ್ಲಿ ನಿಂತು ಏನ್ ಹೇಳ್ಲಿ ಸರ್?” ವ್ಯಂಕಟೇಶನ ದನಿ ಇಳಿದಿದೆ.

“ನನಗೂ ತಿಳೀವಲ್ದು. ಇರಿವಿ ಬಂದದ್ದು ಖರೆ, ಕಾರಣ ಬ್ಯಾರೆ. ಯಾವುದು ಬೇಲೀದು, ಯಾವುದು ಕಡುಬಿಂದು ಅಂತ ಬಿಡಸ್ಬೇಕು. ಈ ತಿಂಡಿ ಖಾಲಿ ಆದ ಮ್ಯಾಲೂ ಏನ್ ಉಳೀತದ ನೋಡೂಣು. ಸಮ್ಮೇಳನಕ್ಕ ಇನ್ನೂ ವಾರ ಅದ. ನಾಳೆ ಹೊತ್ತು ಮೂಡೂದ್ರಾಗ ಎಲ್ಲಾರೂ ಇಲ್ಲೇ ಕೂಡ್ರಿ, ಮತ್ತ ಸುರುವಿಂದ ಎಣಸೂಣು.”

ಹುಡುಗರು ಬೂಟು ಹುಡುಕಿಕೊಂಡು ಚದುರುತ್ತಾರೆ. ತನ್ನ ನೌಕರಿಯ ಮಾತು ಅಲ್ಲಿಗೇ ಉಳಿದಿದೆ. ಗುರುಬಾಯಿ ಸೆರಗಿನ ತುದಿ ತಿರುವುತ್ತಾ ಮುಳ್ಳಿನ ಬಾಗಿಲಲ್ಲೇ ನಿಂತಿದ್ದಾಳೆ. ಕೇಳಲು ಭಯ, ಕೇಳದೆ ಮನೆಗೆ ಹೋಗಲು ಇನ್ನೂ ಭಯ.

“ಸಾಹೇಬ್ರ, ನಾಳೆ ನಾ ಬೇಲಿ ಒಳಗ ನಿಂದರ್ಬೇಕೋ, ಹೊರಗೋ?”

ಗೌಸಮೊಹಿದ್ದೀನ ಸಾಹೇಬರು ಬಿದಿರಿನ ಚೌಕಟ್ಟನ್ನು ಎತ್ತಿ ಅವಳ ಕೈಗೆ ಕೊಡುತ್ತಾರೆ.

“ಒಳಗ. ಬುತ್ತಿ ಮಾತ್ರ ಹೊರಗ ಇಟ್ಟು ಬಾ.”