ಗೋದಾಮಿನ ಬಾಗಿಲಲ್ಲಿ ಬೆಲ್ಲ ನೀರು

ಇವತ್ತು ಬೆಳಿಗ್ಗೆ ನಮ್ಮ ಹೊಸ ಗೋದಾಮಿನ ಬೀಗ ತೆಗೆದೆ. ಹಸಿ ಸಿಮೆಂಟಿನ ವಾಸನೆ ಮೂಗಿಗೆ ಬಡಿಯಿತು. ಸಾಮಾನು ಬರಲು ಒಂದು ಬಾಗಿಲು, ಹೋಗಲು ಇನ್ನೊಂದು. ಎಲ್ಲ ನಾನೇ ನಿಂತು ಮಾಡಿಸಿದ್ದು. ಜಂಬದಿಂದ ಒಂದು ಸುತ್ತು ಬಂದೆ. ಆದರೂ ಏನೋ ಕಡಿಮೆಯಿದೆ ಅನಿಸಿತು. ಆಮೇಲೆ ಹೊಳೆಯಿತು, ಬೆಲ್ಲದ ವಾಸನೆ ಇಲ್ಲ.

ಪುತ್ತೂರಿನ ನಮ್ಮ ಹಳೇ ಪಾರ್ಸೆಲ್ ಗೋದಾಮನ್ನು ನೀವು ನೋಡಬೇಕಿತ್ತು. ಬಾಗಿಲಿಗೆ ಒತ್ತಿಕೊಂಡೇ ಒಂದು ಮೇಜು, ಮೇಲೆ ನೀರಿನ ಮಡಕೆ, ಪಕ್ಕದಲ್ಲಿ ಬೆಲ್ಲದ ಡಬ್ಬಿ. ಬಂದವರಲ್ಲಿ ಮೊದಲು "ಆಸರಿಗೆ ಬೇಕಾ?" ಎಂದು ಬಾಯಾರಿಕೆ ವಿಚಾರಿಸಬೇಕು, ಕೆಲಸ ಆಮೇಲೆ. ಇದು ಸುಳ್ಯ ಕಡೆಯ ನಮ್ಮ ಧಣಿ ಕುಶಾಲಪ್ಪಣ್ಣನ ಕಟ್ಟಪ್ಪಣೆ. ಮಂಗಳೂರಿನ ಲಾರಿಯವರು ಅಲ್ಲೇ ನಿಂತು ಕುಡಿಯುವರು, ಬೆಳ್ಳಾರೆಯ, ಈಶ್ವರಮಂಗಲದ ಟೆಂಪೋದವರು ಅಲ್ಲೇ ನಿಂತು ಹರಟುವರು. ಇರುವುದು ಒಂದೇ ಬಾಗಿಲು. ಒಳಗೆ ಬರುವ ಪೈಪಿನ ಕಟ್ಟಿಗೂ ಹೊರಗೆ ಹೋಗುವ ಪಂಪಿನ ಪೆಟ್ಟಿಗೆಗೂ ನಡುವೆ ಲೋಟ ಹಿಡಿದವರ ಮಹಾಸಭೆ.

ಇದರ ಪೆಟ್ಟು ಬಿದ್ದದ್ದು ಕಡಬ ಟೆಂಪೋದ ಹಮೀದಣ್ಣನಿಗೆ. ಅವರ ಗಾಡಿ ಎಲ್ಲರಿಗಿಂತ ಕೊನೆಗೆ ಹೊರಡುತ್ತಿತ್ತು. ಕೊಯಿಲದಲ್ಲಿ ಇಳಿಸಿ ಕಡಬ ಮುಟ್ಟುವಾಗ ಅಂಗಡಿಯವರು ಬಾಗಿಲು ಹಾಕಿ ಊಟಕ್ಕೆ ಹೋಗಿರುತ್ತಿದ್ದರು. ಕಾದು ಕಾದು ಮರಳುವಾಗ ಕತ್ತಲೆ. "ಈ ತಿಂಗಳು ನೋಡುದು, ಮತ್ತೆ ಕಡಬ ಲೈನ್ ನಿಲ್ಲಿಸುದೇ" ಎಂದುಬಿಟ್ಟರು ಕುಶಾಲಪ್ಪಣ್ಣ. ಹಮೀದಣ್ಣ ಟೆಂಪೋ ತೆಗೆದದ್ದೇ ಆ ಲೈನನ್ನು ನಂಬಿ. ಅವರ ಮುಖ ನೋಡಲಾಗಲಿಲ್ಲ.

"ನನಗೆ ಬಿಡಿ, ಸರಿ ಮಾಡ್ತೇನೆ" ಅಂದೆ. ನಾನು ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಧೈರ್ಯಕ್ಕೇನೂ ಬರವಿರಲಿಲ್ಲ, ಈಗಲೂ ಇಲ್ಲ. ಹಾಳುಮೂಳು ಒಟ್ಟಿ ಮುಚ್ಚಿಹೋಗಿದ್ದ ಹಿಂಬಾಗಿಲು ತೆರೆಸಿದೆ. ಸಾಮಾನು ಬರುವುದು ಮುಂದಿನಿಂದ, ಹೋಗುವುದು ಹಿಂದಿನಿಂದ. ಗಾಡಿಗೆ ಹೇರುವಾಗ ಮೊದಲು ಇಳಿಯಬೇಕಾದದ್ದನ್ನು ಕೊನೆಗೆ ಹೇರಬೇಕು. ಕೊಯಿಲದ ಒಂದು ಗೋಣಿಗಾಗಿ ಹಮೀದಣ್ಣ ಅರ್ಧ ಗಾಡಿ ಖಾಲಿ ಮಾಡುವುದು ಅಲ್ಲಿಗೆ ನಿಂತಿತು. ಅದೇ ಹುರುಪಿನಲ್ಲಿ ಮೇಜು, ಮಡಕೆ, ಬೆಲ್ಲದ ಡಬ್ಬಿಯನ್ನೂ ಹಿಂಬಾಗಿಲಿಗೆ ಸಾಗಿಸಿದೆ, ಹೋಗುವಾಗ ಕುಡಿಯಲಿ ಎಂದು.

ಮರುದಿನ ಲಾರಿಯವರು ಬಂದರು, ಮೇಜಿದ್ದ ಜಾಗ ನೋಡಿದರು, ಗಾಡಿಯೊಳಗೇ ಕುಳಿತರು. ಟಾರ್ಪಾಲಿನ ಹಗ್ಗ ಬಿಚ್ಚಲೇ ಇಲ್ಲ.

"ಎಂತ ಆಯ್ತು?" ಎಂದು ಕೇಳಿದೆ.

"ಎಂತ ಇಲ್ಲ ಅಕ್ಕ. ಆಸರಿಗೆ ಬೇಕಾ ಅಂತ ಕೇಳದ ಕಡೆ ನಾವು ಹೇಗೆ ಇಳಿಯುದು?"

ಕುಶಾಲಪ್ಪಣ್ಣ ನನ್ನತ್ತ ತಿರುಗಿ, "ಹೊರಟವರಿಗೆ ಬೆಲ್ಲ ಕೊಡುದು ಎಲ್ಲಿಯ ಮರ್ಯಾದೆ ಮಾರಾಯ್ತಿ!" ಅಂದರು.

ಸಿಟ್ಟೂ ಬಂತು, ನಗುವೂ ಬಂತು. ಆದರೆ ಸೋತು ಕೂರುವವಳಲ್ಲ ನಾನು. ಅಂಗಳದ ಬದಿಯ ಮಾಡಿನಡಿ ಬೆಂಚು ಹಾಕಿಸಿ ಮಡಕೆಯನ್ನು ಅಲ್ಲಿಟ್ಟೆ. ಗಾಡಿ ನಿಂತ ಕೂಡಲೇ ನಾನೇ ಎದುರು ಹೋಗಿ, "ಬನ್ನಿ, ಕೂತ್ಕೊಳ್ಳಿ, ಆಸರಿಗೆ ಎಂತ ಬೇಕು?" ಎಂದು ಕೇಳತೊಡಗಿದೆ. ಅವರು ಬೆಲ್ಲ ಕಚ್ಚಿ ಊರ ಸುದ್ದಿ ಮುಗಿಸುವುದರೊಳಗೆ ನಮ್ಮವರು ಗಾಡಿ ಖಾಲಿ ಮಾಡಿರುತ್ತಿದ್ದರು. ಆ ವಾರವೇ ಕಡಬದಿಂದ ಹಮೀದಣ್ಣನ ಫೋನು: "ಅಕ್ಕ, ಅಂಗಡಿ ಎಲ್ಲ ಓಪನ್ ಉಂಟು!" ಲೈನು ಉಳಿಯಿತು, ನನ್ನ ಕಣ್ಣೂ ಒದ್ದೆಯಾಯಿತು.

ಇಷ್ಟೆಲ್ಲ ಮಾಡಿದವಳು ಹೊಸ ಗೋದಾಮಿನಲ್ಲಿ ಮಡಕೆಗೆ ಜಾಗ ಇಡುವುದನ್ನೇ ಮರೆತಿದ್ದೆ ನೋಡಿ! ಪೆಚ್ಚಾಗಿ ನಿಂತಿರುವಾಗ ಹಳೇ ಗೋದಾಮಿನ ಸಾಮಾನು ತುಂಬಿಕೊಂಡು ಹಮೀದಣ್ಣನ ಟೆಂಪೋ ಬಂತು. ಒಳಗೆ ತಕ್ಕಡಿ, ಕುರ್ಚಿ, ಕೈಗಾಡಿ, ಆ ಬೆಂಚು. ಹಿಂದಿನ ಹಲಗೆ ಬಿಚ್ಚಿದರೆ ಎಲ್ಲಕ್ಕಿಂತ ಈಚೆಗೆ, ಗೋಣಿ ಸುತ್ತಿಕೊಂಡ ಮಡಕೆ ಮತ್ತು ಬೆಲ್ಲದ ಡಬ್ಬಿ.

"ಮೊದಲು ಇಳಿಯುದನ್ನು ಕೊನೆಗೆ ಹೇರುದು. ನೀವೇ ಹೇಳಿದ್ದಲ್ವಾ?" ಎಂದರು ಹಮೀದಣ್ಣ. ನಳ್ಳಿಯಿಂದ ನೀರು ತುಂಬಿಸಿ ತಂದು ನನ್ನೆದುರು ನಿಂತರು. "ಹೊಸ ಜಾಗಕ್ಕೆ ಬಂದಿದ್ದೀರಿ. ಕೂತ್ಕೊಳ್ಳಿ ಅಕ್ಕ, ಆಸರಿಗೆ ಎಂತ ಬೇಕು?"

ಇಷ್ಟು ವರ್ಷದಲ್ಲಿ ಹಳೇ ಗೋದಾಮಿನ ಬಾಗಿಲಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಕೈ ಚಾಚಿದೆ. ಗಾಡಿ ತುಂಬ ಸಾಮಾನು ಕಾಯುತ್ತಿತ್ತು. ಕಾಯಲಿ ಎಂದು ಬಿಟ್ಟೆ.