ಊಟ ಮಾಡಿಲ್ಲ ಅಂದರೆ ಹೊಟ್ಟೆ ಖಾಲಿಯಲ್ಲ

ನಮ್ಮ ಮಕಾಸ್ಸರ್ ಊರಿನ ಕಡಲ ದಂಡೆಯಲ್ಲಿ ಸುಟ್ಟ ಬಾಳೆಹಣ್ಣು ಮಾರುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಗಾಡಿ ಸರಿಸು ಎಂದ ಪೊಲೀಸನನ್ನು ಬೈದು, ಅವನ ಕೈಗೇ ಹಣ್ಣು ಕೊಟ್ಟು, ದುಡ್ಡನ್ನೂ ವಸೂಲು ಮಾಡುವವಳು ಒಬ್ಬಳೇ. ಅವಳೇ ನಮ್ಮ ಓಣಿಯ ಡಾಯೆಂಗ್ ಕಾನಾಂಗ್. ಡಾಯೆಂಗ್ ಅನ್ನುವುದು ನಮ್ಮಲ್ಲಿ ಹಿರಿಯರನ್ನು ಕರೆಯುವ ಮರ್ಯಾದೆಯ ಮಾತು. ಅರವತ್ತು ದಾಟಿದೆ, ಗಂಟಲು ಮಾತ್ರ ಇಪ್ಪತ್ತರದು. ಅವಳು ಹೆದರಿದ್ದನ್ನು ನಾವು ನೋಡಿದ್ದು ಮೊಮ್ಮಗಳು ರನ್ನುವಿನ ವಿಷಯದಲ್ಲಿ ಮಾತ್ರ.

ರನ್ನುವಿಗೆ ಎಂಟು ವರ್ಷ. ತಾಯಿ ಸಿಗಡಿ ಕಾರ್ಖಾನೆಗೆ ಹೋದರೆ ಹುಡುಗಿ ಅಜ್ಜಿಯ ಪಾಲು. ತಿಂದದ್ದು ಅವಳ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ತುಟಿ ಬಿಳಿಚಿಕೊಂಡಿತ್ತು. ಓಣಿಯ ತುದಿಗೆ ನಡೆದರೂ ಏದುಸಿರು. ಹತ್ತಿರದ ಆಸ್ಪತ್ರೆಯವರು ಒಳಗೆ ನೋಡಿ ಹೇಳಿದರು: ಜಠರದ ಕೆಳಬಾಗಿಲ ಹತ್ತಿರ ತೊಟ್ಟಿಗೆ ನೇತುಬಿದ್ದ ದ್ರಾಕ್ಷಿಯಂಥ ಗಂಟಿದೆ. ಕೆಟ್ಟ ಗಂಟಿನ ಹಾಗೆ ಕಾಣುವುದಿಲ್ಲ. ಆದರೆ ದಾರಿಗೆ ಅಡ್ಡ ಕೂತು ರಕ್ತ ಒಸರುತ್ತಿದೆ. ಹೊಟ್ಟೆ ಕೊಯ್ದು ತೆಗೆಯಬೇಕು.

“ಕೊಯ್ಯೋಕೆ ಇವಳ ಮೈಯಲ್ಲಿ ಏನಿದೆ? ಮೀನಿನ ಮುಳ್ಳಿಗೆ ಚರ್ಮ ಹೊದಿಸಿದ ಹಾಗಿದಾಳೆ!” ಎಂದು ಕಾನಾಂಗ್ ಮಗುವನ್ನು ಎತ್ತಿಕೊಂಡು ಸೀದಾ ದೊಡ್ಡಾಸ್ಪತ್ರೆಗೆ ನಡೆದಳು.

ಅಲ್ಲಿ ಮಕ್ಕಳ ಹೊಟ್ಟೆಯ ಡಾಕ್ಟರ್ ತೆನ್ರಿ ಸಿಕ್ಕರು. ಸಣ್ಣ ಆಳಿನ ಹೆಂಗಸು, ಮೆಲ್ಲನೆಯ ಮಾತು.

“ಕೊಯ್ಯೋದು ಬೇಡ ಡಾಯೆಂಗ್. ಮಗೂನ ಮಲಗಿಸಿ ಬಾಯಿಂದ ಒಂದು ಸಪೂರ ಕೊಳವೆ ಬಿಡ್ತೀವಿ. ತುದೀಲಿ ದೀಪ, ಕ್ಯಾಮೆರಾ. ಅದರೊಳಗಿಂದ ತಂತಿ ಕುಣಿಕೆ ಹೋಗುತ್ತೆ. ಗಂಟಿನ ತೊಟ್ಟಿಗೆ ಹಾಕಿ ಬಿಗಿದು ಕರೆಂಟು ಕೊಟ್ರೆ ಕತ್ತರಿಸಿದ ಹಾಗೂ ಆಯ್ತು, ರಕ್ತ ಕಟ್ಟಿದ ಹಾಗೂ ಆಯ್ತು.”

“ಗಂಟು ಹೊರಗೆ ಬರೋದು?”

“ಹೋದ ದಾರೀಲೇ.”

“ಕಳ್ಳನ್ನ ಬಾಗಿಲಿಂದಾನೇ ಎಳ್ಕೊಂಡು ಬರ್ತೀರಿ ಅನ್ನಿ,” ಎಂದಳು ಕಾನಾಂಗ್. ಆ ವಾರದಲ್ಲಿ ಮೊದಲ ಸಲ ನಕ್ಕಿದ್ದಳು.

ದಿನ ಗೊತ್ತುಮಾಡಿದರು. ಹೊಟ್ಟೆ ಖಾಲಿ ಇರಬೇಕು ಎಂದರು. ಬೆಳಿಗ್ಗೆ ನರ್ಸ್ ಕೇಳಿದಳು, “ಮಗೂಗೆ ಊಟ ಆಗಿದೆಯಾ?”

“ಇಲ್ಲಮ್ಮ. ಒಂದಗುಳೂ ಇಲ್ಲ.”

ನಮ್ಮ ಕಡೆಯ ಲೆಕ್ಕದಲ್ಲಿ ಇದು ಸತ್ಯವೇ. ಇಲ್ಲಿ ಯಾರಾದರೂ ಒಂದು ಬಟ್ಟಲು ನೂಡಲ್ಸ್, ಮೇಲೆ ನಾಲ್ಕು ಕರಿದ ಕಡುಬು ತಿಂದು ಬಾಯಿ ಒರೆಸಿಕೊಳ್ಳುವಾಗ ಊಟ ಆಯ್ತಾ ಎಂದು ಕೇಳಿ ನೋಡಿ. ಎಲ್ಲಿ, ಇನ್ನೂ ಇಲ್ಲ ಎನ್ನುತ್ತಾರೆ. ಅನ್ನ ಬೀಳದಿದ್ದರೆ ಅದು ಊಟವೇ ಅಲ್ಲ.

ರನ್ನು ನಿದ್ದೆಹೋದಳು. ಕೊಳವೆ ಒಳಗಿಳಿಯಿತು. ಪರದೆಯ ಮೇಲೆ ಗಂಟು ಕಾಣಲಿಲ್ಲ, ಬಾಳೆಹಣ್ಣಿನ ಗೊಜ್ಜು ಕಂಡಿತು. ಅದು ಮೇಲೆ ಬಂದು ಶ್ವಾಸಕ್ಕೆ ಇಳಿದರೆ ಜೀವಕ್ಕೇ ಅಪಾಯ. ಡಾಕ್ಟರ್ ತಕ್ಷಣ ಕೊಳವೆ ಹೊರತೆಗೆದರು.

ಕಾನಾಂಗಳ ತಮ್ಮ ಡಾಯೆಂಗ್ ನಾಬಾಗೆ ಇಷ್ಟು ಸಾಕಾಯಿತು. “ಹಣ್ಣು ಮಾರೋಳ ಮೊಮ್ಮಗಳ ಹೊಟ್ಟೇಲಿ ಇನ್ನೇನು, ಹಡಗು ಸಿಗುತ್ತಾ? ಸಾಕು ಅಕ್ಕಾ, ಕೊಯ್ಸಿಬಿಡು.”

ಅವಳು ತಿರುಗಿ ಬೈಯಲಿಲ್ಲ. ಅದನ್ನು ನೋಡಿ ನಾಬಾನೇ ಹೆದರಿದ.

ಮಗುವಿಗೆ ರಕ್ತ ಕೊಡಬೇಕಾಗಿ ಬಂತು. ಡಾಕ್ಟರ್ ಮುಚ್ಚುಮರೆ ಮಾಡಲಿಲ್ಲ: ಇನ್ನೊಂದು ಸಲ ನೋಡೋಣ, ಅಷ್ಟರಲ್ಲಿ ರಕ್ತ ಜಾಸ್ತಿ ಹೋದರೆ ಕೊಯ್ಯದೆ ಗತಿಯಿಲ್ಲ. ಆಮೇಲೆ ಕಾನಾಂಗಳ ಪಕ್ಕದ ಬೆಂಚಿನಲ್ಲೇ ಕೂತರು.

“ಊಟ ಇಲ್ಲ ಅಂದ್ರಲ್ಲ ಡಾಯೆಂಗ್?”

“ಮಾಡ್ಸಿಲ್ಲ ಡಾಕ್ಟ್ರಮ್ಮ, ದೇವರಾಣೆ! ಅತ್ತಳು ಅಂತ ದಾರೀಲಿ ಒಂದು ಬಾಳೆಹಣ್ಣು ಕೊಟ್ಟೆ, ಅಷ್ಟೆ.”

ತೆನ್ರಿ ಅವಳ ಕಡೆ ತಿರುಗಿ ಕೂತರು. “ರಂಜಾನಲ್ಲಿ ಹಗಲು ಹೊತ್ತು ಆ ಹಣ್ಣು ಕೊಡ್ತಿದ್ರಾ?”

“ತೋಬಾ! ಉಪವಾಸ ಮುರಿಯಲ್ವಾ?”

“ಹಾಗಾದ್ರೆ ನಾವು ಕೇಳಿದ ಮಾತೇ ಸರಿಯಿಲ್ಲ. ನಾನೂ ಈ ಊರೋಳೇ, ನನಗಾದ್ರೂ ಹೊಳೀಬೇಕಿತ್ತು. ಇದು ಉಪವಾಸ, ಡಾಯೆಂಗ್.”

“ಅಯ್ಯೋ! ಆ ಮಾತು ಮೊದಲೇ ಹೇಳಿದ್ರೆ ಹಣ್ಣಲ್ಲ, ಹಣ್ಣಿನ ವಾಸನೇನೂ ತೋರಿಸ್ತಿರಲಿಲ್ಲ!”

ಎರಡನೇ ಸಲ ವಾರ್ಡಿನಲ್ಲಿ ಕಾನಾಂಗಳ ದರ್ಬಾರು. ಹಿಂದಿನ ದಿನವೆಲ್ಲ ರನ್ನುವಿಗೆ ಡಾಕ್ಟರ್ ಹೇಳಿದ ತಿಳಿಸಾರಷ್ಟೇ. ಸಂಜೆಯಿಂದ ಅಜ್ಜಿ ತಾನೂ ಉಪವಾಸ ಹಿಡಿದಳು. ಕರಿದ ಕಡುಬಿನ ಪೊಟ್ಟಣ ಹಿಡಿದು ಬಂದ ನಾಬಾನನ್ನು ಬಾಗಿಲಲ್ಲೇ ತಡೆದಳು.

“ಇದು ನನಗೆ ಅಕ್ಕಾ!”

“ನಿನಗೂ ಉಪವಾಸ. ಹೊಟ್ಟೆ ನೋಡ್ಕೋ, ನಿನ್ನೊಳಗೆ ಕುಣಿಕೆ ಅಲ್ಲ, ಮೀನುಬಲೆ ಬಿಡ್ಬೇಕು.”

ಬೆಳಿಗ್ಗೆ ನರ್ಸ್ ಬಂದು, “ಉಪವಾಸ ಯಾವಾಗಿಂದ, ಪುಟ್ಟಿ?” ಎಂದಳು.

ರನ್ನು ಎದೆಯುಬ್ಬಿಸಿ ಹೇಳಿದಳು, “ನಿನ್ನೆ ರಾತ್ರಿಯಿಂದ. ಎಂಜಲು ಮಾತ್ರ ನುಂಗಿದೀನಿ. ಮುರೀತಾ?”

“ಇಲ್ಲ ಕಣೇ, ಗಟ್ಟಿಯಾಗಿದೆ!” ನರ್ಸ್ ನಗುತ್ತಲೇ ಗಾಲಿ ಮಂಚ ತಳ್ಳಿಕೊಂಡು ಹೋದಳು.

ಬಾಗಿಲು ಮುಚ್ಚಿತು. ಒಳಗೆ ಈ ಸಲ ಜಠರ ತೊಳೆದಿಟ್ಟ ಪಾತ್ರೆಯಂತಿತ್ತು ಎಂದು ಆಮೇಲೆ ಡಾಕ್ಟರೇ ಹೇಳಿದರು. ಗಂಟು ಕೆಂಪಗೆ ತೂಗುತ್ತಿತ್ತು. ಕುಣಿಕೆ ಒಂದು ಸಲ ಜಾರಿತು, ಇನ್ನೊಂದು ಸಲ ತೊಟ್ಟಿನ ಬುಡಕ್ಕೆ ಸರಿಯಾಗಿ ಕೂತಿತು. ಬಿಗಿದರು. ಗಂಟು ಬೆಳ್ಳಗಾಯಿತು, ಕಳಚಿತು. ಒಂದು ಹನಿ ರಕ್ತವೂ ಬರಲಿಲ್ಲ.

ಹೊರಗೆ ಕಾನಾಂಗ್ ನಿಂತೇ ಇದ್ದಳು. ಡಾಕ್ಟರ್ ಪುಟ್ಟ ಶೀಶೆ ಹಿಡಿದು ಬಂದರು.

“ಇಗೋ ನಿಮ್ಮ ಕಳ್ಳ.”

ಅವಳು ಶೀಶೆಗೆ ಮೂಗು ತಾಗಿಸಿ ನೋಡಿದಳು. “ಇಷ್ಟೇ ಇಷ್ಟು! ಇಷ್ಟಿದ್ಕೊಂಡೇನೋ ನೀನು ನನ್ನ ಮಗೂನ ಅಷ್ಟು ಕಾಡಿದ್ದು?” ಎಂದು ಗಂಟನ್ನೇ ಬೈದಳು. ಆಮೇಲೆ ಗೋಡೆಗೆ ಒರಗಿ ಅತ್ತಳು.

ಮರುದಿನ ಗಂಜಿ ಕುಡಿಸಿದರು. ವಾರ್ಡಿನ ಅಮ್ಮಂದಿರೆಲ್ಲ ಮಾತು ನಿಲ್ಲಿಸಿ ರನ್ನುವಿನ ಬಾಯನ್ನೇ ನೋಡುತ್ತಿದ್ದರು. ನಾಬಾ ಬೇಸಿನ್ ಹಿಡಿದು ಸಿದ್ಧನಾಗಿದ್ದ. ಹುಡುಗಿ ಹೊಟ್ಟೆ ಮುಟ್ಟಿಕೊಂಡಳು, ಕಣ್ಣು ಅಗಲಿಸಿದಳು, ಜೋರಾಗಿ ತೇಗಿದಳು.

“ಅಜ್ಜಿ, ಇನ್ನೂ ಬೇಕು.”

ಇಡೀ ವಾರ್ಡು ಹೋ ಎಂದು ಕೂಗಿತು. ಆ ಗದ್ದಲಕ್ಕೆ ಪಕ್ಕದ ವಾರ್ಡಿನವರು ಏನಾಯಿತೋ ಎಂದು ಓಡಿಬಂದರು.

ಗಂಟು ಕೆಟ್ಟದ್ದಲ್ಲ ಎಂದು ವರದಿ ಬಂತು. ಕೆಲವು ತಿಂಗಳ ಮೇಲೆ ಮತ್ತೆ ಕೊಳವೆ ಬಿಟ್ಟು ನೋಡಿದಾಗ ಅಲ್ಲಿ ಒಂದು ಸಣ್ಣ ಕಲೆ ಮಾತ್ರ ಇತ್ತು. ಅಂದು ಸಂಜೆ ಕಡಲ ದಂಡೆಯಲ್ಲಿ ಎಲ್ಲರಿಗೂ ತೋರಿಸಬೇಕೆಂದು ಕಾನಾಂಗ್ ಮೊಮ್ಮಗಳನ್ನು ಹೆಗಲಿಗೆ ಎತ್ತಲು ಹೋದಳು. ಅರ್ಧಕ್ಕೆ ಎತ್ತಿ, ಆಗದೆ, ಇಳಿಸಿ, ಸೊಂಟ ಹಿಡಿದುಕೊಂಡು ದಂಡೆಯೆಲ್ಲ ಕೇಳುವಂತೆ ಕೂಗಿದಳು:

“ಭಾರ ಆಗಿದಾಳೆ ಕಣ್ರೋ! ನನ್ನ ಕೈಲಿ ಎತ್ತೋಕಾಗ್ತಿಲ್ಲ ಕಣ್ರೋ!”